ಬಾಣಂತನಕ್ಕೆ ಹೊರಟ ಅಜ್ಜಿಯ ಮಾತ್ರೆ ಡಬ್ಬಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಈಗ ಬಾಣಂತನಕ್ಕೆ ಮಗಳು ತೌರಿಗೆ ಬರುವ ಬದಲು ತಾಯಿಯೇ ಅಮೆರಿಕಕ್ಕೆ ಹೊರಡುವುದು ಅಪರೂಪವೇನಲ್ಲ. ವಿಮಾನವನ್ನೇ ಹತ್ತದವರು ತಿಂಗಳುಗಟ್ಟಲೆ ಸಿದ್ಧತೆ ಮಾಡುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಣಂತಿ ಲೇಹ್ಯ ಎಲ್ಲವೂ ಪೆಟ್ಟಿಗೆ ಸೇರುತ್ತವೆ. ತಮ್ಮ ಆರೋಗ್ಯದ ನೆನಪಾಗುವುದು ಮಾತ್ರ ಕೊನೆಗೆ.

ಹೀಗೆಯೇ ಒಬ್ಬ ತಾಯಿ ಹೊರಡಲು ಎರಡು ದಿನವಿರುವಾಗ ಬಂದು, "ಡಾಕ್ಟ್ರೇ, ಆರು ತಿಂಗಳಿಗಾಗುವಷ್ಟು ಬಿ.ಪಿ. ಮಾತ್ರೆ ಬರ್ಕೊಡಿ" ಎಂದರು. ಪರೀಕ್ಷಿಸಿದರೆ ರಕ್ತದೊತ್ತಡ 180/110. ಓಡಾಟದ ಗಡಿಬಿಡಿಯಲ್ಲಿ ಮಾತ್ರೆ ಬಿಟ್ಟು ತಿಂಗಳಾಗಿತ್ತು. "ಮಗಳಿಗೆ ಹೇಳ್ಬೇಡಿ, ಬರೋದೇ ಬೇಡ ಅಂತಾಳೆ" ಎಂದು ಅಂಗಲಾಚಿದರು. ಪ್ರಯಾಣವನ್ನು ಮೂರು ವಾರ ಮುಂದೂಡಿಸಿದೆ. ನನ್ನ ಮೇಲೆ ಸಿಟ್ಟಾದರೆಂದು ಬೇರೆ ಹೇಳಬೇಕಿಲ್ಲ.

ರಕ್ತದೊತ್ತಡಕ್ಕಿಂತ ಈ ಮುಚ್ಚುಮರೆಯೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಅಮೆರಿಕದ ಆಸ್ಪತ್ರೆ ವೆಚ್ಚ ನಮ್ಮ ಅಡಿಕೆ ತೋಟದ ಹುಟ್ಟುವಳಿಗೆ ನಿಲುಕುವಂಥದ್ದಲ್ಲ. ಪ್ರವಾಸದ ವಿಮೆ ಮಾಡಿಸುವಾಗ ಇರುವ ಕಾಯಿಲೆಯನ್ನು ಮರೆಮಾಚಿದರೆ, ಕಷ್ಟದ ಹೊತ್ತಿನಲ್ಲಿ ಆ ವಿಮೆ ಕೈಕೊಡಬಹುದು. ಎಲ್ಲವನ್ನೂ ಬರೆಸಿ, ಹಳೆಯ ಕಾಯಿಲೆಗೆ ಎಷ್ಟರ ಮಟ್ಟಿಗೆ ರಕ್ಷಣೆಯಿದೆ ಎಂದು ಓದಿ ನೋಡಿ.

ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ವೈದ್ಯರ ಚೀಟಿಯಲ್ಲಿ ಕಂಪೆನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ. ನಾವು ಪ್ಯಾರಾಸಿಟಮಾಲ್ ಎನ್ನುವುದನ್ನು ಅಲ್ಲಿನವರು ಅಸೆಟಮಿನೋಫೆನ್ ಎನ್ನುತ್ತಾರೆ. ಎರಡೂ ಬೇರೆಯೆಂದು ತಿಳಿದು ಒಟ್ಟಿಗೆ ನುಂಗಿದರೆ ಯಕೃತ್ತಿಗೆ ಅಪಾಯ. ಇನ್ಸುಲಿನ್ ತೆಗೆದುಕೊಳ್ಳುವವರು, ಹಗಲು ರಾತ್ರಿ ಅದಲುಬದಲಾಗುವ ಆ ದಿನಗಳಲ್ಲಿ ಯಾವಾಗ, ಎಷ್ಟು ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು. ನಮ್ಮವರಿಗೆ ಬೆಂಗಳೂರು ತಲುಪುವುದಕ್ಕೇ ಸುಮಾರು 300 ಕಿಲೋಮೀಟರ್ ರಾತ್ರಿ ಬಸ್ಸು, ಆಮೇಲೆ ವಿಮಾನ. ಹೀಗೆ ಕಾಲು ಇಳಿಬಿಟ್ಟು ಕುಳಿತೇ ಇದ್ದರೆ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ಪಕ್ಕದವರಿಗೆ ತೊಂದರೆಯೆಂಬ ಸಂಕೋಚ ಬಿಟ್ಟು ಆಗಾಗ ಎದ್ದು ಓಡಾಡಿ, ನೀರು ಕುಡಿಯಿರಿ. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಬಿಡುವ ಹೆಂಗಸರೇ ಹೆಚ್ಚು!

ಕೂಸನ್ನು ಎತ್ತಿಕೊಳ್ಳಲು ಹೋಗುವವರು ಮರೆಯುವುದು ಇನ್ನೊಂದಿದೆ. ನಾಯಿಕೆಮ್ಮು ದೊಡ್ಡವರಲ್ಲಿ ಬರಿಯ ಹಠಮಾರಿ ಕೆಮ್ಮಾಗಿ ಕಾಣಬಹುದು. ಹಸುಗೂಸಿನಲ್ಲಿ ಅದು ಉಸಿರನ್ನೇ ನಿಲ್ಲಿಸೀತು. ಇದಕ್ಕೆ ದೊಡ್ಡವರಿಗೂ ಟಿಡ್ಯಾಪ್ ಎಂಬ ಲಸಿಕೆಯಿದೆ. ಮಗುವಿನ ಹತ್ತಿರ ಹೋಗುವ ಎರಡು ವಾರ ಮೊದಲಾದರೂ ಹಾಕಿಸಿಕೊಳ್ಳಬೇಕು. ಜೊತೆಗೆ ಫ್ಲೂ ಲಸಿಕೆಯ ಬಗೆಗೂ ವಿಚಾರಿಸಿ.

ಇನ್ನು ನಮ್ಮ ಮೂರೂ ತಾಲ್ಲೂಕುಗಳಿಗೇ ಸಂಬಂಧಿಸಿದ ಮಾತು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಬರುತ್ತದೆ. ದರಗು ಗುಡಿಸಿ ಮೂರು ದಿನಕ್ಕೆ ವಿಮಾನ ಹತ್ತಿದವರಿಗೆ ಅಲ್ಲಿ ಜ್ವರ ಬಂದರೆ ಅಲ್ಲಿನ ವೈದ್ಯರಿಗೆ ಅದು ಹೊಳೆಯಲಿಕ್ಕಿಲ್ಲ. "ನಾನು ಕಾಡಿನ ಅಂಚಿನವಳು, ಉಣುಗು ಕಚ್ಚಿರಬಹುದು" ಎಂದು ಮಗಳ ಮೂಲಕ ನೀವೇ ಹೇಳಿಸಬೇಕು. ಕ್ಯಾಸನೂರು ಎಂಬ ಹೆಸರನ್ನು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಳ್ಳಿ. ಅವರ ವೈದ್ಯಕೀಯ ಪುಸ್ತಕಗಳಲ್ಲಿ ಈ ಕಾಯಿಲೆ ಇರುವುದು ಆ ಊರಿನ ಹೆಸರಿನಲ್ಲೇ.