ಕೆಂಪು ಶಾಯಿ ನುಂಗಿದ ಅರ್ಧ ನಿಮಿಷ



ಕಳೆದ ಬೇಸಿಗೆ ರಜೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗ ಊರಿಗೆ ಬಂದಾಗ ಒಂದು ಪುಟ್ಟ ಪೆಟ್ಟಿಗೆಯನ್ನು ತಂದಿದ್ದ. ಅದರೊಳಗೆ ಒಂದು ಹೀಟರ್, ಒಂದು ಸೆನ್ಸರ್. "ತಾತ, ಇದರ ಉಷ್ಣಾಂಶ ತಾನಾಗಿಯೇ 50 ಡಿಗ್ರಿಯಲ್ಲಿ ನಿಲ್ಲಬೇಕು. ಅದಕ್ಕೆ ಮೊದಲು ಇದರ ಸ್ವಭಾವ ತಿಳಿಯಬೇಕು" ಎಂದ. ಆ ಸಂಜೆ ನನ್ನನ್ನು ನಲವತ್ತು ವರ್ಷ ಹಿಂದಕ್ಕೆ ಒಯ್ದು, ನನ್ನದೇ ಒಂದು ತಪ್ಪಿನೆದುರು ನಿಲ್ಲಿಸಿತು.

ಅವನು ಹೀಟರನ್ನು ಒಮ್ಮೆಗೇ ಶೇಕಡಾ 40ರಷ್ಟು ಶಕ್ತಿಗೆ ಏರಿಸಿ ಸುಮ್ಮನೆ ಕುಳಿತ. ಹತ್ತು ಸೆಕೆಂಡಿಗೊಮ್ಮೆ ನಾನು ಅಂಕಿಗಳನ್ನು ಬರೆದುಕೊಂಡೆ. ಮೊದಲ 20 ಸೆಕೆಂಡು 27 ಡಿಗ್ರಿ ಅಲುಗಲಿಲ್ಲ. ಬಳಿಕ ಬೇಗ ಬೇಗ ಏರಿ, ಕ್ರಮೇಣ ನಿಧಾನಿಸಿ, ಕೊನೆಗೆ 67ರಲ್ಲಿ ನಿಂತಿತು. ಅಂದರೆ ಶೇಕಡಾ ಒಂದರಷ್ಟು ಶಕ್ತಿಗೆ ಒಂದು ಡಿಗ್ರಿ ಏರಿಕೆ. ಒಟ್ಟು ಏರಿಕೆಯ ಶೇಕಡಾ 63 ಭಾಗ ಮುಗಿದದ್ದು 220ನೆಯ ಸೆಕೆಂಡಿನಲ್ಲಿ. ಮೊದಲಿನ 20 ಕಳೆದರೆ 200. ಇದು ಕಾಲಸ್ಥಿರಾಂಕ. ಒಂದು, ಇಪ್ಪತ್ತು, ಇನ್ನೂರು: ಪೆಟ್ಟಿಗೆಯ ಸ್ವಭಾವವೆಲ್ಲ ಈ ಮೂರು ಅಂಕಿಗಳಲ್ಲಿ ಅಡಗಿತ್ತು.

1942ರಲ್ಲಿ ಅಮೆರಿಕದ ಟೇಲರ್ ಉಪಕರಣ ಕಂಪೆನಿಯ ಝೀಗ್ಲರ್ ಮತ್ತು ನಿಕೋಲ್ಸ್ ಎಂಬ ಇಬ್ಬರು ಎಂಜಿನಿಯರುಗಳು ಇಂತಹ ಅಂಕಿಗಳಿಂದಲೇ ನಿಯಂತ್ರಕವನ್ನು ಹೊಂದಿಸುವ ಸರಳ ನಿಯಮವನ್ನು ಪ್ರಕಟಿಸಿದರು. ಅದರಂತೆ 0.9ನ್ನು 200ರಿಂದ ಗುಣಿಸಿ 20ರಿಂದ ಭಾಗಿಸಿದರೆ 9. ಪ್ರತಿ ಡಿಗ್ರಿ ಕೊರತೆಗೆ ಶೇಕಡಾ 9ರಷ್ಟು ಶಕ್ತಿ ಕೊಡಬೇಕು. ಉಳಿದುಹೋಗುವ ಅಲ್ಪ ಕೊರತೆಯನ್ನು ತುಂಬಿಸಲು ಮತ್ತೊಂದು ಅಳತೆ, ಸುಮಾರು 67 ಸೆಕೆಂಡು. ಹಾಗೆ ಇಟ್ಟಾಗ ಉಷ್ಣಾಂಶ 50ನ್ನು ದಾಟಿ, ಇಳಿದು, ಮತ್ತೆ ಏರಿ ತೂಗಾಡಿತು. ಆ ನಿಯಮದ ಗುಣವೇ ಅಷ್ಟು ಚುರುಕು. ಮೊಮ್ಮಗ 9ನ್ನು ಅರ್ಧಕ್ಕಿಳಿಸಿ, 67ನ್ನು ಹೆಚ್ಚಿಸಿದ, ಪೆಟ್ಟಿಗೆ ಶಾಂತವಾಯಿತು. ಸೂತ್ರವು ಆರಂಭ ಮಾತ್ರ, ಕೊನೆಯ ತೀರ್ಪು ಪ್ರಯೋಗದ್ದೇ.

"ಆ ಮೊದಲ 20 ಸೆಕೆಂಡನ್ನು ಬಿಟ್ಟಿದ್ದರೆ?" ಎಂದು ಕೇಳಿದೆ. ಅವನು ನಕ್ಕ. "ಸೊನ್ನೆಯಿಂದ ಭಾಗಿಸಿದಂತೆ ತಾತ. ಲೆಕ್ಕವೇ ಇಲ್ಲ."

ನನಗೆ ನಗು ಬರಲಿಲ್ಲ. ಸ್ನಾನದ ಮನೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿ, ನೀರು ಬಿಸಿಯಾಗಲಿಲ್ಲವೆಂದು ಇನ್ನೂ ತಿರುಗಿಸಿ, ಕೊನೆಗೆ ಮೈ ಸುಟ್ಟುಕೊಳ್ಳುವವರೆಲ್ಲರಿಗೂ ಈ ವಿಳಂಬದ ಪರಿಚಯವಿದೆ. ಆದರೂ ನಾನು ಅದನ್ನು ಒಮ್ಮೆ ಅಳಿಸಿದ್ದೆ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಬೀಕರಿನ ನೀರು ಕಾಯಿಸಿ ಗ್ರಾಫ್ ಬರೆದಿದ್ದ. ಸ್ಪಿರಿಟ್ ದೀಪ ಹಚ್ಚಿದ ಮೊದಲ ಅರ್ಧ ನಿಮಿಷ ಅವನ ರೇಖೆ ನೆಲಕ್ಕಂಟಿದಂತೆ ಸಪಾಟಾಗಿತ್ತು. "ಉರಿ ಹಚ್ಚಿದ ಮೇಲೆ ಕಾಯದೆ ಇರುತ್ತದೆಯೇ?" ಎಂದು ಗದರಿಸಿ, ಕೆಂಪು ಶಾಯಿಯಲ್ಲಿ ಆ ಭಾಗ ಹೊಡೆದು, ಎರಡು ಅಂಕ ಕಳೆದೆ. "ನಾನು ನೋಡಿದ್ದು ಹಾಗೇ ಸಾರ್" ಎಂದ ಅವನು ಮತ್ತೆ ಮಾತನಾಡಲಿಲ್ಲ. ಮುಂದಿನ ವಾರದ ಅವನ ಗ್ರಾಫ್ ಪುಸ್ತಕದಲ್ಲಿದ್ದಂತೆಯೇ ಇತ್ತು. ನಾನು ಪೂರ್ಣ ಅಂಕ ಕೊಟ್ಟೆ! ಶಾಖವು ತಂತಿಬಲೆ, ಗಾಜು, ನೀರುಗಳನ್ನು ದಾಟಿ ಥರ್ಮಾಮೀಟರನ್ನು ತಲುಪಲು ಸಮಯ ಬೇಕೆಂಬುದನ್ನು ಆ ಹುಡುಗ ಕಂಡಿದ್ದ, ನಾನು ಕಂಡಿರಲಿಲ್ಲ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ಅರವತ್ತು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್ಡು, ಮುಗಿಯದ ಪಾಠ. ಈ ಕಷ್ಟ ನನಗೆ ತಿಳಿಯದ್ದಲ್ಲ. ಪ್ರತಿ ಅಂಕಿಯನ್ನೂ ಪರೀಕ್ಷಿಸಿರೆಂದು ಹೇಳಲಾರೆ. ಮಗು ಕೈತಪ್ಪಿ ತಪ್ಪು ಓದಿರಲೂಬಹುದು. ಆದರೆ ಹೊಡೆದುಹಾಕುವ ಮುನ್ನ "ಇನ್ನೊಮ್ಮೆ ಮಾಡಿ ನೋಡೋಣವೇ?" ಎಂದು ಕೇಳಲು ಹೆಚ್ಚು ಹೊತ್ತು ಬೇಡ. ಪುಸ್ತಕದ ರೇಖೆಗೆ ಅಂಕ ಕೊಡುವ ಪ್ರಯೋಗಶಾಲೆಯಲ್ಲಿ ಮಕ್ಕಳು ಕಲಿಯುವುದು ವಿಜ್ಞಾನವನ್ನಲ್ಲ, ಜಾಣ ಸುಳ್ಳನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಹುಡುಗ ಈಗ ಎಲ್ಲಿರುವನೋ ತಿಳಿಯದು. ಈ ಬರಹ ಅವನ ಕಣ್ಣಿಗೆ ಬಿದ್ದರೆ ಒಂದು ಮಾತು: ಮಗೂ, ಆ ಎರಡು ಅಂಕಗಳು ನಿನ್ನವೇ. ನಲವತ್ತು ವರ್ಷ ತಡವಾಗಿಯಾದರೂ ನಿನ್ನ ಮೇಷ್ಟ್ರು ಹಿಂದಿರುಗಿಸುತ್ತಿದ್ದಾನೆ.