ನಾಯಿ ಕುಂಡಿ ಎಳೀತದಾ? ಮೊದಲು ಅದರ ತಾಟು ನೋಡಿ

ಹತ್ತಿಕುಣಿ ಹೋಬಳಿಯಲ್ಲಿ ನಾಯಿ ಸಾಕಿದ ಮನೆಯವರಿಗೆ, ಕುರಿ ಹಟ್ಟಿಯವರಿಗೆ, ಮಾಂಸದ ಅಂಗಡಿ ಮತ್ತು ಹೋಟೆಲಿನವರಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ ಈ ಮನವಿ. ವಿಷಯ ತುಸು ನಾಚಿಕೆಯದು. ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ, ಅನುಭವಿಸುವ ನಾಯಿಗಂತೂ ಬಾಯಿಲ್ಲ.

ನಾಯಿ ಹಿಂಗಾಲು ಮುಂದಕ್ಕೆ ಚಾಚಿ, ಕುಂಡಿಯನ್ನು ನೆಲಕ್ಕೆ ಒತ್ತಿ, ಮುಂಗಾಲಿನಿಂದ ಮೈ ಎಳೆದುಕೊಂಡು ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಹುಡುಗರು ನಗುತ್ತಾರೆ. ಹಿರಿಯರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ಹೊಟ್ಟ್ಯಾಗ ಜಂತು ಆಗ್ಯಾವ, ಗುಳಿಗಿ ಹಾಕು." ಗುಳಿಗೆ ಹಾಕುತ್ತೇವೆ, ನಾಲ್ಕು ದಿನ ಸುಮ್ಮನಿದ್ದು ಮತ್ತೆ ಎಳೆಯುತ್ತದೆ. ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಲಾಡಿಹುಳು ಇದ್ದರೂ ನಾಯಿ ಹೀಗೇ ಉಜ್ಜುತ್ತದೆ, ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ಬಿಳಿ ತುಣುಕು ಅಂಟಿರುತ್ತವೆ. ಆದರೆ ಔಷಧ ಕೊಟ್ಟ ಮೇಲೂ ಮತ್ತೆ ಮತ್ತೆ ಎಳೆಯುತ್ತಿದ್ದರೆ, ಹಿಂದೆ ತಿರುಗಿ ನೆಕ್ಕುತ್ತಲೇ ಇದ್ದರೆ, ಕೂತ ಜಾಗದಲ್ಲಿ ಕೊಳೆತ ಮೀನಿನ ವಾಸನೆ ಬಂದರೆ, ಹೆಚ್ಚಾಗಿ ಅದು ಗುದಗ್ರಂಥಿಯ ತೊಂದರೆ.

ಗುದದ್ವಾರದ ಕೆಳಬದಿಗೆ ಎಡಕ್ಕೊಂದು, ಬಲಕ್ಕೊಂದು ಸಣ್ಣ ಚೀಲಗಳಿವೆ. ಗಡಿಯಾರದ ಮುಖಕ್ಕೆ ಹೋಲಿಸಿದರೆ 4 ಮತ್ತು 8ರ ಜಾಗ. ಗಾತ್ರ ಶೇಂಗಾ ಕಾಳಿನಷ್ಟು. ಒಳಗಿನ ಗಬ್ಬು ದ್ರವವೇ ಆ ನಾಯಿಯ ಗುರುತು. ನಾಯಿಗಳು ಒಂದರ ಹಿಂಭಾಗವನ್ನು ಇನ್ನೊಂದು ಮೂಸುವುದು ಅದಕ್ಕೇ. ಮಲ ಗಟ್ಟಿಯಾಗಿ, ದಪ್ಪವಾಗಿ ಹೊರಬರುವಾಗ ಈ ಚೀಲಗಳನ್ನು ಒತ್ತುತ್ತದೆ, ದ್ರವ ತಾನಾಗಿ ಸೋರಿಹೋಗುತ್ತದೆ. ಮಲ ತೆಳ್ಳಗಾದರೆ ಒತ್ತುವವರಿಲ್ಲ. ದ್ರವ ಒಳಗೇ ಉಳಿದು ಮಂದವಾಗುತ್ತದೆ, ಕಿರಿದಾದ ನಾಳ ಕಟ್ಟಿಕೊಳ್ಳುತ್ತದೆ, ಸೋಂಕು ತಗಲುತ್ತದೆ, ಕೊನೆಗೆ ಕೀವಾಗಿ ಪಕ್ಕದ ಚರ್ಮ ಒಡೆಯುತ್ತದೆ. ಆದ್ದರಿಂದ ನಾಯಿ ಸಾಕಿದವರು ಬೆಳಿಗ್ಗೆ ಅದರ ಮುಖ ನೋಡಿದಷ್ಟೇ ಗಮನವಾಗಿ ಅದರ ಮಲವನ್ನೂ ನೋಡಬೇಕು. ಎತ್ತಿದರೆ ಆಕಾರ ಕೆಡದೆ ಕೈಗೆ ಬರುವಂತಿದ್ದರೆ ಸರಿ. ನೆಲಕ್ಕೆ ಮೆತ್ತಿಕೊಂಡರೆ ತಾಟಿನಲ್ಲಿ ಏನೋ ತಪ್ಪಿದೆ.

ತಾಟಿನಲ್ಲಿ ಏನಿದೆ? ಹಿಂದೆ ನಮ್ಮ ಕಡೆ ನಾಯಿಗೆ ಬೀಳುತ್ತಿದ್ದುದು ಜೋಳದ ರೊಟ್ಟಿ. ನಾರಾಯಣಪುರ ಎಡದಂಡೆ ಕಾಲುವೆ ಬಂದು ಶಹಾಪುರ, ಸುರಪುರದ ಕಡೆ ಭತ್ತದ ಗದ್ದೆ ಹಬ್ಬಿತು. 2013ರಿಂದ ಅನ್ನಭಾಗ್ಯದ ಅಕ್ಕಿ ಮನೆಮನೆಗೆ ಬಂತು. ಅದು ಬಡವರ ಹೊಟ್ಟೆ ತುಂಬಿಸಿದ ಅಕ್ಕಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮನೆಯವರ ತಾಟು ಬದಲಾದಾಗ ನಾಯಿಯದೂ ಬದಲಾಯಿತು. ಈಗ ಅದಕ್ಕೆ ಉಳಿದ ಅನ್ನ, ಅದರ ಮೇಲೆ ಹಾಲು, ಇಲ್ಲವೆ ಖಾರದ ಸಾರು, ನಡುವೆ ಗ್ಲೂಕೋಸ್ ಬಿಸ್ಕತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮಲಕ್ಕೆ ಗಾತ್ರ ಕೊಡುವುದೇ ನಾರು. ಹಾಲಿನದು ಇನ್ನೊಂದು ಕಥೆ: ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಪ್ರೀತಿಯಿಂದ ಹಾಕಿದ ಹಾಲೇ ಭೇದಿ ಮಾಡಿಸುತ್ತದೆ.

ಹಾಗಾಗಿ ನನ್ನ ಮೊದಲ ವಿನಂತಿ, ರೊಟ್ಟಿಯನ್ನು ಮರಳಿ ತನ್ನಿ. ಚೆನ್ನಾಗಿ ಬೆಂದ ಜೋಳದ ರೊಟ್ಟಿ ಮುರಿದು, ಉಪ್ಪು ಖಾರ ಹಾಕುವ ಮೊದಲೇ ತೆಗೆದಿಟ್ಟ ತೊಗರಿ ಬ್ಯಾಳಿಯಲ್ಲಿ ನೆನೆಸಿ. ಬರೀ ರೊಟ್ಟಿಯಿಂದ ನಾಯಿ ಬದುಕದು, ಬೇಯಿಸಿದ ತತ್ತಿಯೋ ಎಲುಬು ತೆಗೆದ ಮಾಂಸವೋ ಸೇರಲೇಬೇಕು. ಅದರ ಜೊತೆ ಬೇಯಿಸಿ ಹಿಸುಕಿದ ಕುಂಬಳಕಾಯಿ, ಸಣ್ಣ ನಾಯಿಗೆ ಒಂದು ದೊಡ್ಡ ಚಮಚ, ಹಟ್ಟಿ ಕಾಯುವ ದೊಡ್ಡ ನಾಯಿಗೆ ಮೂರು ನಾಲ್ಕು. ಗಜ್ಜರಿಯೂ ಆದೀತು. ಔಷಧ ಅಂಗಡಿಯ ಇಸಬಗೋಲನ್ನೂ ವೈದ್ಯರು ಹೇಳುವುದುಂಟು. ಅದನ್ನು ಒಣದಾಗಿ ಕೊಡಬಾರದು, ನೀರಿನಲ್ಲಿ ನೆನೆಸಿ ಊಟಕ್ಕೆ ಕಲಸಬೇಕು. ಯಾವ ಬದಲಾವಣೆಯನ್ನೂ ಒಂದೇ ದಿನಕ್ಕೆ ಮಾಡಬೇಡಿ. ಒಂದು ವಾರ, ಹತ್ತು ದಿನ ತೆಗೆದುಕೊಂಡು ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸಿ. ಇಲ್ಲದಿದ್ದರೆ ಆ ಬದಲಾವಣೆಯೇ ಭೇದಿ ತರುತ್ತದೆ. ನಮ್ಮ ಬಿಸಿಲು 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ನೀರಿನ ಪಾತ್ರೆ ಬರಿದಾಗದಿರಲಿ. ನಾರು ಹೆಚ್ಚಿಸಿ ನೀರು ಕೊಡದಿದ್ದರೆ ಮಲ ಕಲ್ಲಾಗುತ್ತದೆ.

ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷ. ಮದುವೆ ಮನೆಯ ಎಂಜಲೆಲೆಯಲ್ಲಿ ಮೂರೂ ಇರುತ್ತವೆ.

ಯಾದಗಿರಿ ಪಟ್ಟಣದ ಮನೆಗಳಲ್ಲಿ ಪಾಮೇರಿಯನ್, ಲ್ಯಾಬ್ರಡಾರ್ ಸಾಕಿದವರಿಗೆ ಬೇರೆ ಮಾತು. ಸಣ್ಣ ತಳಿಗಳಿಗೆ ಗುದಗ್ರಂಥಿಯ ತೊಂದರೆ ಹೆಚ್ಚು, ಬೊಜ್ಜು ಬಂದ ನಾಯಿಗಳಿಗೂ ಅಷ್ಟೆ. ಪಕ್ಕೆ ಸವರಿದಾಗ ಎಲುಬು ಕೈಗೆ ಸಿಗಬೇಕು. ಸಿಗದಿದ್ದರೆ ಬಿಸ್ಕತ್ತು ನಿಲ್ಲಿಸಿ. ಜೊತೆಗೆ ಕಿವಿ ಕೆರೆದುಕೊಳ್ಳುವುದು, ಪಾದ ಕಡಿದುಕೊಳ್ಳುವುದೂ ಇದ್ದರೆ ಅಲರ್ಜಿ ಇರಬಹುದು. ಆಗ ವೈದ್ಯರನ್ನು ಕೇಳಿ, ನಾಯಿಯನ್ನು ಅದು ಹಿಂದೆ ತಿನ್ನದ ಒಂದೇ ಬಗೆಯ ಮಾಂಸ ಮತ್ತು ಒಂದೇ ಧಾನ್ಯದ ಮೇಲೆ ಎಂಟು ವಾರ ಇಟ್ಟು ನೋಡಬೇಕಾಗುತ್ತದೆ. ಆ ಎಂಟು ವಾರದಲ್ಲಿ ಅಜ್ಜಿ ಕದ್ದು ಹಾಕುವ ಒಂದು ತುಂಡು ಬಿಸ್ಕತ್ತೂ ಪರೀಕ್ಷೆ ಕೆಡಿಸುತ್ತದೆ. ಅಜ್ಜಿಯನ್ನು ಒಪ್ಪಿಸುವುದೇ ಕಷ್ಟ, ಬಲ್ಲೆ.

ಮಾಂಸದ ಅಂಗಡಿಯ ಅಣ್ಣಂದಿರೇ, ಹಟ್ಟಿಯ ಯಜಮಾನರೇ, ಈ ಮಾತು ನಿಮಗೆ. ಹಸಿ ಬೋಟಿ, ಈಲಿ, ಪುಪ್ಪುಸವನ್ನು ನಾಯಿಗೆ ಎಸೆಯಬೇಡಿ. ಕುರಿಯ ಈಲಿ, ಪುಪ್ಪುಸದಲ್ಲಿ ಕಾಣುವ ನೀರುಗುಳ್ಳೆಯೊಳಗೆ ಲಾಡಿಹುಳುವಿನ ಮರಿಗಳಿರಬಹುದು. ಅವು ನಾಯಿಯ ಕರುಳಿನಲ್ಲಿ ಬೆಳೆಯುತ್ತವೆ, ಮೊಟ್ಟೆ ಅದರ ಮಲದಲ್ಲಿ ಹೊರಬಿದ್ದು ನಮ್ಮ ಮಕ್ಕಳ ಕೈಗೆ, ಬಾಯಿಗೆ ಬರುತ್ತದೆ, ಮನುಷ್ಯನ ಈಲಿಯಲ್ಲೂ ಅದೇ ಗುಳ್ಳೆ ಏಳುತ್ತದೆ. ಗುಳ್ಳೆ ಕಂಡ ಭಾಗವನ್ನು ಆಳವಾಗಿ ಹೂಳಿ ಅಥವಾ ಸುಡಿ. ಉಳಿದದ್ದನ್ನು ಚೆನ್ನಾಗಿ ಕುದಿಸಿ ಹಾಕಿ. ಬೇಯಿಸಿದ ಎಲುಬು ಮಾತ್ರ ಬೇಡವೇ ಬೇಡ, ಸೀಳಿ ಕರುಳು ಚುಚ್ಚುತ್ತದೆ.

ಇನ್ನು ಗ್ರಂಥಿ ಒತ್ತಿಸುವ ವಿಷಯ. ದವಾಖಾನೆಯಲ್ಲಿ ವೈದ್ಯರು ಕೈಗವಸು ಹಾಕಿ, ವ್ಯಾಸಲೀನ್ ಸವರಿ, ತೋರುಬೆರಳನ್ನು ಒಳಗೆ, ಹೆಬ್ಬೆರಳನ್ನು ಹೊರಗೆ ಇಟ್ಟು ಚೀಲವನ್ನು ಮೆಲ್ಲಗೆ ಹಿಂಡುತ್ತಾರೆ. ಕಂದು ದ್ರವ ಹತ್ತಿಗೆ ಇಳಿಯುತ್ತಿದ್ದಂತೆ ನಾಯಿ ಹಿಡಿದವನೇ ಮುಖ ತಿರುಗಿಸಬೇಕು, ಅಂಥ ನಾತ. ಕಟ್ಟಿಕೊಂಡಾಗ ಇದು ಬೇಕು. ಏನೂ ತೊಂದರೆ ಇಲ್ಲದಿದ್ದರೂ ತಿಂಗಳಿಗೊಮ್ಮೆ ಒತ್ತಿಸುವುದು ಬೇಡ, ಪದೇ ಪದೇ ಹಿಂಡಿದರೆ ಚೀಲವೇ ಉರಿಯೂತಕ್ಕೆ ಒಳಗಾಗುತ್ತದೆ. ಸೀಮೆಎಣ್ಣೆ, ಫಿನಾಯಿಲ್, ಹಳೆಯ ಇಂಜಿನ್ ಆಯಿಲ್ ಹಚ್ಚುವ ಚಾಳಿ ಬಿಡಿ. ನೋವಿಗೆಂದು ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ, ನಾಯಿ ಸಾಯಬಹುದು.

ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗುವ ಜನ ನಾವು. ಮೈಲಾರನ ಭಕ್ತರಾದ ಗೊರವರು ನಾಯಿಯಂತೆ ಬೊಗಳಿ, ದೋಣಿ ಎನ್ನುವ ಪಾತ್ರೆಯಲ್ಲಿಟ್ಟ ಪ್ರಸಾದಕ್ಕೆ ಬಾಯಿ ಹಾಕುವುದನ್ನು ಕೈಮುಗಿದು ನೋಡುತ್ತೇವೆ. ಮನೆಗೆ ಬಂದು ನೋವಿನಿಂದ ಗುರ್ರೆನ್ನುವ ನಾಯಿಗೆ ಕಲ್ಲು ಬೀರುತ್ತೇವೆ. ಹಿಂಭಾಗ ನೋಯುವ ನಾಯಿ ಬಾಲ ಮುಟ್ಟಿದ ಮಗುವನ್ನು ಕಚ್ಚಬಹುದು. ಆಗ ಅದು ರೇಬೀಸ್ ಚುಚ್ಚುಮದ್ದಿನ ಪ್ರಶ್ನೆಯಾಗಿ ಇಡೀ ಓಣಿಗೇ ತಟ್ಟುತ್ತದೆ.

ಪಂಚಾಯಿತಿಯವರಲ್ಲಿ ಕೇಳುವುದು ಎರಡೇ. ಹೋಟೆಲು, ಮಾಂಸದ ಅಂಗಡಿಗಳ ಮುಂದೆ ಮುಚ್ಚಳವಿರುವ ಕಸದ ಡಬ್ಬಿ ಇಡಿಸಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಹೊತ್ತಿಗೆ ಪಶುಪಾಲನಾ ಇಲಾಖೆಯ ಲಸಿಕೆ ಶಿಬಿರವನ್ನು ಹತ್ತಿಕುಣಿಗೆ ಕರೆಸಿ, ಡಂಗುರ ಸಾರಿಸಿ, ಅದೇ ದಿನ ಜಂತಿನ ಔಷಧ ಕೊಟ್ಟು ನಾಯಿಗಳ ಹಿಂಭಾಗವನ್ನೂ ನೋಡುವಂತೆ ವೈದ್ಯರನ್ನು ಕೋರಿ.

ಆದರೆ ಗುದದ ಪಕ್ಕ ಕೆಂಪಗೆ ಬಾತಿದ್ದರೆ, ರಕ್ತವೋ ಕೀವೋ ಕಂಡರೆ, ನಾಯಿ ಊಟ ಬಿಟ್ಟು ಬಿಸಿಯಾಗಿದ್ದರೆ, ವಯಸ್ಸಾದ ನಾಯಿಗೆ ಅಲ್ಲಿ ಗಂಟು ಕೈಗೆ ಸಿಕ್ಕರೆ ಶಿಬಿರಕ್ಕೂ ಕಾಯಬೇಡಿ, ಕುಂಬಳಕಾಯಿಗೂ ಕಾಯಬೇಡಿ. ಅವತ್ತೇ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ.