ಗ್ಯಾಸ್ಟ್ರಿಕ್ ಅಂತ ಸುಮ್ಮನಾಗಬೇಡಿ

ಕಳೆದ ತಿಂಗಳು ಯಲಹಂಕದ ನಮ್ಮ ಮನೆಯಲ್ಲಿ ಅಪ್ಪ ಬೆಳಗ್ಗೆ ಬೆಳಗ್ಗೆ ಎದೆ ಹಿಡಿದುಕೊಂಡು ಕೂತರು. "ಗ್ಯಾಸ್ಟ್ರಿಕ್ ಕಣೋ, ಸೋಡಾ ಕುಡಿದ್ರೆ ಸರಿಹೋಗುತ್ತೆ" ಅಂದ್ರು. ಮೈಯೆಲ್ಲ ಬೆವರು. ನನಗೆ ಅಪ್ಪು ನೆನಪಾದರು. 2021ರ ಅಕ್ಟೋಬರ್ 29ರಂದು ಅವರು ಹೋದಾಗ ಬರೀ 46 ವರ್ಷ. ವಾದ ಮಾಡದೆ 108ಕ್ಕೆ ಫೋನ್ ಮಾಡಿದೆ. ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಅಂತ ಗೊತ್ತಾಯ್ತು.

ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿದು ಮೈಗೆಲ್ಲ ರಕ್ತ ಕಳಿಸುವ ಹೃದಯಕ್ಕೂ ತನ್ನ ಪಾಲಿನ ರಕ್ತ ಬರೋದು ಕೊರೊನರಿ ರಕ್ತನಾಳಗಳಿಂದಲೇ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಹೃದಯದ ಸ್ನಾಯು ಸಾಯತೊಡಗುತ್ತೆ. ತಡವಾದಷ್ಟೂ ನಷ್ಟ ಹೆಚ್ಚು; ಸತ್ತ ಭಾಗ ಮತ್ತೆ ಮೊದಲಿನಂತಾಗದು.

ಅಪ್ಪ ಈಗ ಜಕ್ಕೂರು ಕೆರೆ ಹತ್ತಿರ ನಿಧಾನಕ್ಕೆ ವಾಕಿಂಗ್ ಮಾಡ್ತಾರೆ. ಗ್ಯಾಸ್ಟ್ರಿಕ್ಕೋ ಅಲ್ಲವೋ ಅನ್ನೋದನ್ನ ಡಾಕ್ಟರ್ ಹೇಳಲಿ, ಮನೆಯವರಲ್ಲ.